ಮೂವತ್ತೊಂದು ಪಾಯಿಂಟ್ ಆರು

"ಮೂಸಿ ನೋಡು ಅಕ್ಕ. ಇನ್ನೂ ವಾಸನೆ ಹೋಗಿಲ್ಲ."

ಊಟದ ಟೇಬಲ್ಲಿನ ಮೇಲೆ ಹಳೇ ಪೇಪರ್ ಹಾಸಿ, ಟೀಚರ ತಮ್ಮ ತನ್ನ ಕಾರಿನ ತಟ್ಟೆಯಗಲದ ಸಬ್‌ವೂಫರ್ ಸ್ಪೀಕರನ್ನು ಬೋರಲು ಹಾಕಿದ್ದ. ಟೀಚರ್ ಬಗ್ಗಿ ಮೂಸಿದರು. ಇಸ್ತ್ರಿಪೆಟ್ಟಿಗೆ ಬಟ್ಟೆಗೆ ಅಂಟಿಕೊಂಡಾಗ ಬರುವಂಥ ಕಮಟು ವಾಸನೆ. ಹಾಲ್‌ನಲ್ಲಿ ಕೂತಿದ್ದ ಯಜಮಾನರು ಕನ್ನಡಕದ ಮೇಲಿಂದ ಇತ್ತ ನೋಡಿ, "ಅದರ ಪೋಸ್ಟ್‌ಮಾರ್ಟಮ್ಮು ಊಟದ ಟೇಬಲ್ ಮೇಲೇ ಆಗಬೇಕಾ?" ಎಂದರು.

ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟ ಅವರನ್ನು ಮಕ್ಕಳು ಕರೆಯುತ್ತಿದ್ದದ್ದು ಓಮ್ ಟೀಚರ್ ಎಂದೇ. ಓಮ್‌ನ ನಿಯಮ ಶುರುಮಾಡುವ ದಿನ ಹಿಂದಿನ ಬೆಂಚಿನಿಂದ ಯಾರಾದರೊಬ್ಬ ಕಣ್ಣು ಮುಚ್ಚಿಕೊಂಡು "ಓಂ..." ಎಂದು ಉದ್ದಕ್ಕೆ ರಾಗ ಎಳೆಯುವುದು ವರ್ಷಾ ವರ್ಷ ತಪ್ಪುತ್ತಿರಲಿಲ್ಲ. ಅಂಥ ಓಮ್ ಟೀಚರು ಮನೆಯಲ್ಲಿ ಫ್ಯೂಸ್ ಹೋದರೆ ಯಜಮಾನರನ್ನು ಕೂಗಿ, ತಾವು ಮೂರು ಹೆಜ್ಜೆ ದೂರ ನಿಲ್ಲುವವರು. ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಕಪಾಟನ್ನು ನಾಲ್ಕು ಸಲ ಜೋಡಿಸಿಟ್ಟಿದ್ದರು. ಐದನೇ ಸಲಕ್ಕೆ ಕೈ ಹಾಕುವಷ್ಟರಲ್ಲಿ ಈ ಸುಟ್ಟ ಸ್ಪೀಕರ್ ಹಿಡಿದುಕೊಂಡು ತಮ್ಮ ಬಂದಿದ್ದ.

ತಮ್ಮ ಟ್ಯಾಕ್ಸಿ ಓಡಿಸುತ್ತಿದ್ದ. ಮಾರನೆಯ ದಿನ, ಭಾನುವಾರ ಬೆಳಿಗ್ಗೆ, ಗೋದಾಮುಗಳ ಹಿಂದಿನ ಬಯಲಿನಲ್ಲಿ ಕಾರುಗಳ ಸೌಂಡ್ ಸ್ಪರ್ಧೆ. ಹದಿನೈದು ದಿನದ ಹಿಂದೆಯೇ ಹೆಸರು ಬರೆಸಿದ್ದ. ಹಿಂದಿನ ದಿನ ಮಧ್ಯಾಹ್ನ ಪ್ರಾಕ್ಟೀಸ್ ಮಾಡುವಾಗ ಸ್ಪೀಕರ್ ಒಮ್ಮೆ ಗೊರಗೊರ ಎಂದು ಸತ್ತುಹೋಗಿತ್ತು.

"ನಂಗೆ ಅರ್ಥ ಆಗದೇ ಇರೋದು ಒಂದೇ," ಎಂದ. "ಈ ಸ್ಪೀಕರ್ ಇನ್ನೂರು ವ್ಯಾಟ್ ತಡೆಯುತ್ತೆ. ನನ್ನ ಆಂಪ್ಲಿಫೈಯರ್ ನೂರೈವತ್ತು ವ್ಯಾಟಿಂದು. ಕಡಿಮೆ ಪವರ್ ಕೊಟ್ಟರೆ ಸೇಫು ಅಂತ ಎಲ್ಲರೂ ಹೇಳಿದ್ರು. ಮತ್ತೆ ಹೆಂಗೆ ಸುಟ್ಟಿತು?"

"ಕಡಿಮೆ ಕೊಟ್ಟರೆ ಸುಡಬಾರದು," ಎಂದರು ಟೀಚರ್. ಹೇಳಿದ ಮೇಲೆ ಅವರಿಗೇ ಅನುಮಾನವಾಯಿತು. "ನೀನು ಆಂಪ್ಲಿಫೈಯರಿನ ತಿರುಪು ಎಷ್ಟು ತಿರುಗಿಸಿದ್ದೆ?"

"ಪೂರ್ತಿ. ಅದಕ್ಕಿಂತ ಮುಂದೆ ತಿರುಗಲ್ಲ."

ಟೀಚರ್ ಪೇಪರಿನ ಅಂಚಿನಲ್ಲೇ ಪೆನ್ನಿನಿಂದ ಒಂದು ಅಲೆ ಬರೆದರು. ದುಂಡಗೆ ಹತ್ತಿ ದುಂಡಗೆ ಇಳಿಯುವ ಅಲೆ. ಅದರ ಪಕ್ಕದಲ್ಲಿ ಇನ್ನೊಂದು, ಎತ್ತರದ್ದು. ಅದರ ನೆತ್ತಿಗೆ ಅಡ್ಡಲಾಗಿ ಒಂದು ಗೆರೆ. ಆಂಪ್ಲಿಫೈಯರಿನ ತಾಕತ್ತು ಮುಗಿಯುವುದು ಆ ಗೆರೆಯಲ್ಲಿ. ಅದರಾಚೆಗೆ ಅಲೆ ಏಳುವುದಿಲ್ಲ. ತಲೆ ಕತ್ತರಿಸಿದ ಗುಡ್ಡದ ಹಾಗೆ ಚಪ್ಪಟೆಯಾಗುತ್ತದೆ. ಇನ್ನೂ ತಿರುಗಿಸುತ್ತಾ ಹೋದರೆ ಅಲೆ ಹೋಗಿ ಪೂರಾ ಚೌಕ. ಟೀಚರ್ ಆ ಚೌಕವನ್ನೂ ಬರೆದು ಅದರ ಮೂಲೆಗಳ ಮೇಲೆ ಇನ್ನೊಮ್ಮೆ ಪೆನ್ನು ಆಡಿಸಿದರು. ಆಮೇಲೆ ಕುರ್ಚಿ ಹಿಂದಕ್ಕೆ ಕಿರುಗುಟ್ಟುವಂತೆ ಎದ್ದು ನಿಂತರು.

"ಚೌಕ ಆದ್ರೆ ದುಪ್ಪಟ್ಟು ಕಣೋ! ನೂರೈವತ್ತು ಅನ್ನೋದು ದುಂಡಗಿನ ಅಲೆಗೆ. ಅದೇ ಆಂಪ್ಲಿಫೈಯರು ಚೌಕ ಮಾಡಿ ಕಳಿಸಿದ್ರೆ ಮುನ್ನೂರರ ತನಕ ಹೋಗುತ್ತೆ! ಇನ್ನೂರು ತಡೆಯೋದಕ್ಕೆ ಮುನ್ನೂರು ಸುರಿದಿದ್ದೀಯ ನೀನು!"

ಯಜಮಾನರು ಪೇಪರ್ ಮಡಚಿಟ್ಟು ಎದ್ದು ಬಂದರು. ಬಾಯಿ ತೆರೆದುಕೊಂಡು ಆ ಚೌಕವನ್ನೇ ನೋಡುತ್ತಿದ್ದ ತಮ್ಮ.

"ಸರಿ," ಎಂದ ಕೊನೆಗೆ. "ಚಪ್ಪಲಿ ಹಾಕ್ಕೋ. ಅಂಗಡಿಗೆ ಹೋಗೋಣ."

ಕಾರ್ ಸೌಂಡಿನ ಅಂಗಡಿಯಾತನನ್ನು ಆ ಸಾಲಿನವರೆಲ್ಲ ಬೇಸ್ ಅಣ್ಣ ಎನ್ನುತ್ತಿದ್ದರು. ಕೈಬೆರಳಿನಷ್ಟು ತೆಳ್ಳಗಿನ ಮನುಷ್ಯ. ಮಾತಾಡಿದರೆ ಎದುರಿಗಿದ್ದವರು ಕಿವಿ ಮುಂದೆ ಮಾಡಬೇಕು, ಅಷ್ಟು ಮೆಲ್ಲಗಿನ ದನಿ. ತಮ್ಮ ಒಳಗೆ ಕಾಲಿಟ್ಟವನೇ ಕೆಂಪು ಅಕ್ಷರದಲ್ಲಿ "2000 ವ್ಯಾಟ್" ಎಂದು ಬರೆದಿದ್ದ ಆಂಪ್ಲಿಫೈಯರಿನ ಡಬ್ಬಿಯನ್ನು ಎತ್ತಿಕೊಂಡ.

"ಅದು ನಿರಂತರ ಎಷ್ಟು ಕೊಡುತ್ತೆ?" ಎಂದು ಟೀಚರ್ ಕೇಳಿದರು.

ಬೇಸ್ ಅಣ್ಣ ಅವರನ್ನು ಮೇಲಿಂದ ಕೆಳಗೆ ನೋಡಿದ. ಅಂಗಡಿಯಲ್ಲಿ ಆ ಪ್ರಶ್ನೆ ಕೇಳುವವರು ಅಪರೂಪವಿರಬೇಕು. "ಆ ಎರಡು ಸಾವಿರ ಕಣ್ಣು ಮಿಟುಕಿಸೋ ಅಷ್ಟು ಹೊತ್ತಿಗೆ ಮೇಡಂ. ನಿಂತು ಕೊಡೋದು ಐನೂರು. ಅದೂ ಎರಡು ಓಮ್‌ಗೆ. ಎರಡಕ್ಕಿಂತ ಕೆಳಗೆ ಇಳಿಸಬಾರದು."

"ಸ್ಪೀಕರು?"

ಆತ ತೋರಿಸಿದ್ದು ಎರಡು ಓಮ್‌ನದು, ನಿರಂತರ ಐನೂರು ತಡೆಯುವುದು. ತಮ್ಮ ತುದಿಗಾಲಿನಲ್ಲಿ ನಿಂತಿದ್ದ. "ಎರಡು ಕೊಡಣ್ಣ. ನಾಳೆ ಸ್ಪರ್ಧೆಗೆ ಬರೋ ಆ ಹಸಿರು ಕಾರಿನವನು ಎರಡು ಹಾಕಿಸಿದ್ದಾನೆ. ನಾನೇನು ಕಡಿಮೆ?"

"ಎರಡನ್ನೂ ಪಕ್ಕಪಕ್ಕ ಜೋಡಿಸಿದ್ರೆ ಒಟ್ಟು ತಡೆ ಎಷ್ಟು ಓಮ್ ಆಗುತ್ತೆ?" ಎಂದರು ಟೀಚರ್. ಮೂವತ್ತಮೂರು ವರ್ಷದ ಅಭ್ಯಾಸ, ತಡೆಯಲಾಗಲಿಲ್ಲ.

"ನಾಲ್ಕು," ಎಂದ ತಮ್ಮ ತಟ್ಟನೆ. ಎಂದವನೇ ನಾಲಿಗೆ ಕಚ್ಚಿಕೊಂಡ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹತ್ತನೇ ತರಗತಿಯಲ್ಲಿ ಅವನ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದಿದ್ದು ಇದೇ ಅಕ್ಕ. ಸಮಾಂತರ ಜೋಡಣೆಯ ಲೆಕ್ಕದಲ್ಲಿ ಅವನು ಎರಡನ್ನೂ ಕೂಡಿಸಿಬಿಟ್ಟಿದ್ದ. ಮೂರು ಮಾರ್ಕಿಗೆ ಫೇಲು. ಅದಾದ ಮೇಲೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಗ್ಯಾರೇಜು ಸೇರಿದ, ಆಮೇಲೆ ಸ್ಟಿಯರಿಂಗ್ ಹಿಡಿದ. ನೆಂಟರು ನಾಲ್ಕು ಜನ ಸೇರಿದಲ್ಲೆಲ್ಲ "ನಮ್ಮಕ್ಕ ಮೂರು ಮಾರ್ಕಿಗೆ ಜಿಪುಣತನ ಮಾಡದೇ ಇದ್ದಿದ್ರೆ ನಾನು ಈಗ ವಿಜ್ಞಾನಿ" ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಟೀಚರೂ ನಗುತ್ತಿದ್ದರು. ನಕ್ಕ ಮೇಲೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

"ಒಂದು ಕೋಣೆಗೆ ಒಂದೇ ಬಾಗಿಲಿದೆ," ಎಂದರು ಈಗ, ನಿಧಾನವಾಗಿ. "ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಬಾಗಿಲು ಇಟ್ಟೆ. ಜನಕ್ಕೆ ಹೊರಗೆ ಹೋಗೋದು ಕಷ್ಟ ಆಗುತ್ತೋ, ಸಲೀಸಾಗುತ್ತೋ?"

"ಸಲೀಸು." ಅವನು ಸ್ಪೀಕರಿನ ಮೇಲೆ ಕೈಯಾಡಿಸಿದ. "ತಡೆ ಅರ್ಧ ಆಗುತ್ತೆ. ಒಂದು ಓಮ್." ಆಮೇಲೆ ದನಿ ಏರಿಸಿ, "ಅಂದ್ರೆ ಆಂಪ್ಲಿಫೈಯರು ಹೊಗೆ ಆಡುತ್ತೆ!" ಎಂದ, ಹೊಗೆಯನ್ನು ಕಣ್ಣಾರೆ ಕಂಡವನಂತೆ.

"ಒಂದರ ಹಿಂದೆ ಒಂದು ಜೋಡಿಸಿದ್ರೆ ನಾಲ್ಕು ಓಮ್," ಎಂದ ಬೇಸ್ ಅಣ್ಣ. "ಆಗ ಕೆಡಲ್ಲ, ಆದ್ರೆ ಪವರ್ ಅರ್ಧಕ್ಕೆ ಇಳಿಯುತ್ತೆ. ನಿನ್ನ ಡಿಕ್ಕಿಗೆ ಒಂದೇ ಸಾಕು. ಮೇಡಂ ಹೇಳಿದ ಹಾಗೆ ಕೇಳು."

ಒಂದೇ ಕೊಂಡರು. ಜೊತೆಗೆ ಆ ಆಂಪ್ಲಿಫೈಯರು, ದಪ್ಪ ವೈರು, ಐವತ್ತು ಆಂಪಿಯರಿನ ಫ್ಯೂಸು, ಒಂದು ಮಲ್ಟಿಮೀಟರು. ಪೆನ್‌ಡ್ರೈವಿಗೆ ಐವತ್ತು ಹರ್ಟ್ಸಿನ ಒಂದೇ ಸ್ವರವನ್ನು ಹಾಕಿಕೊಟ್ಟು ಬೇಸ್ ಅಣ್ಣ ಹೇಳಿದ: "ಕಿವಿ ನಂಬಿ ಗೇನ್, ಅಂದ್ರೆ ಆಂಪ್ಲಿಫೈಯರಿನ ತಿರುಪು, ತಿರುಗಿಸಬೇಡಿ. ಸ್ಪೀಕರಿನ ವೈರ್ ಬಿಚ್ಚಿಟ್ಟು, ಮೀಟರ್ ಹಿಡಿದು ತಿರುಗಿಸಿ. ಎಷ್ಟು ವೋಲ್ಟಿಗೆ ನಿಲ್ಲಿಸಬೇಕು ಅನ್ನೋದು ನಿಮಗೆ ನಾನು ಹೇಳಬೇಕಾ?"

"ಬೇಡ," ಎಂದರು ಟೀಚರ್. ಮೀಟರಿನ ಡಬ್ಬಿಯನ್ನು ತಾವೇ ಎತ್ತಿಕೊಂಡರು.

ಮಧ್ಯಾಹ್ನದ ಬಿಸಿಲು ಮನೆಯ ಮುಂದಿನ ಗೋಡೆಗೆ ಬಂದಾಗ ತಮ್ಮ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲಸ ಶುರುಮಾಡಿದ. ವೈರು ಎಳೆಯುವುದರಲ್ಲಿ, ಕೊಂಡಿ ಬಿಗಿಯುವುದರಲ್ಲಿ ಅವನ ಕೈ ಎಷ್ಟು ಚುರುಕು ಎಂಬುದನ್ನು ಟೀಚರ್ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. "ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಯಾಕೆ?" ಎಂದು ಈ ಸಲ ಅವರು ಕೇಳಿದರು. "ವೈರು ಮಧ್ಯದಲ್ಲಿ ಎಲ್ಲಾದ್ರೂ ಉಜ್ಜಿ ಕಾರಿನ ತಗಡಿಗೆ ತಾಗಿ ಬೆಂಕಿ ಹತ್ತಿದ್ರೆ? ಡಿಕ್ಕಿಯಲ್ಲಿ ಫ್ಯೂಸು ಇಟ್ಕೊಂಡು ಪೂಜೆ ಮಾಡಬೇಕಾ?" ಎಂದ. ಟೀಚರ್ ತಲೆಯಾಡಿಸಿದರು. ಪುಸ್ತಕದಲ್ಲಿ ಇದಿರಲಿಲ್ಲ.

ಆಮೇಲೆ ಅವರ ಸರದಿ ಬಂತು. ಐನೂರು ವ್ಯಾಟನ್ನು ಎರಡು ಓಮ್‌ನಿಂದ ಗುಣಿಸಿದರೆ ಸಾವಿರ. ಸಾವಿರದ ವರ್ಗಮೂಲ ಮೂವತ್ತೊಂದು ಪಾಯಿಂಟ್ ಆರು ವೋಲ್ಟು. ತಮ್ಮ ಬ್ಯಾಟರಿಯ ನೆಗೆಟಿವ್ ಮತ್ತೆ ಸಿಕ್ಕಿಸಿ, ಎಂಜಿನ್ ಚಾಲೂ ಮಾಡಿ, ಬೇಸ್ ಬೂಸ್ಟ್ ಎಲ್ಲ ತೆಗೆದು, ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಸ್ವರ ಹಚ್ಚಿದ. ಸ್ಪೀಕರ್ ಇಲ್ಲದ್ದರಿಂದ ಏನೂ ಕೇಳಿಸಲಿಲ್ಲ. ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಿಕ್ಕಿಯಲ್ಲಿ ತಲೆ ತೂರಿಸಿ, ಜೀವನದಲ್ಲಿ ಮೊದಲ ಸಲ ಮೀಟರಿನ ಎರಡು ಕಡ್ಡಿಗಳನ್ನು ಒಂದು ನಿಜವಾದ ಯಂತ್ರಕ್ಕೆ ಮುಟ್ಟಿಸಿದರು.

"ತಿರುಗಿಸು. ಮೆಲ್ಲಗೆ."

ತಮ್ಮ ಸಣ್ಣ ಸ್ಕ್ರೂಡ್ರೈವರಿನಿಂದ ಗೇನ್ ತಿರುಗಿಸಿದ. ಮೀಟರು ಒಂಬತ್ತು ಎಂದಿತು. ಹದಿನಾಲ್ಕು. ಇಪ್ಪತ್ತೆರಡು. ಯಜಮಾನರು ಹಿಂದೆ ಛತ್ರಿ ಹಿಡಿದು ನಿಂತಿದ್ದವರು ತಾವೂ ಡಿಕ್ಕಿಗೆ ತಲೆ ತೂರಿಸಿದರು. "ಇಪ್ಪತ್ತೊಂಬತ್ತು," ಎಂದು ಓದಿದರು. "ಮೂವತ್ತು. ಮೂವತ್ತೊಂದು. ನಿಲ್ಸೋ, ನಿಲ್ಸೋ!"

"ಇನ್ನೂ ಒಂದೆಳೆ," ಎಂದರು ಟೀಚರ್. "ಒಂದೆಳೆ... ಆಯ್ತು!"

31.6. ಅಂಕಿ ನಡುಗದೆ ನಿಂತಿತ್ತು. ಸಾವಿರ ಸಲ ಬೋರ್ಡಿನ ಮೇಲೆ ಬರೆದು ಒರೆಸಿದ ಸೂತ್ರ ಡಿಕ್ಕಿಯೊಳಗಿನ ಅರೆಗತ್ತಲಲ್ಲಿ ಕಣ್ಣೆದುರು ಬೆಳಗುತ್ತಿತ್ತು. ಟೀಚರ್ ಕಡ್ಡಿಗಳನ್ನು ಕದಲಿಸದೆ ಹಿಡಿದೇ ಇದ್ದರು. "ಬಂತು ಕಣೋ," ಎಂದರು, ದೂರದೂರಿನಿಂದ ಯಾರೋ ಬಂದಿಳಿದರೇನೋ ಎಂಬಂತೆ.

ಮರುದಿನ ಬಯಲಿನಲ್ಲಿ ಜಾತ್ರೆಯಷ್ಟು ಜನ. ತೀರ್ಪುಗಾರ್ತಿ ಒಬ್ಬಳು ಪ್ರತಿ ಕಾರಿನ ಮುಂಗಾಜಿನ ಒಳಗೆ ಮೈಕು ಅಂಟಿಸಿ, ಬಾಗಿಲು ಹಾಕಿಸಿ, ಮೂವತ್ತು ಸೆಕೆಂಡು ಸದ್ದು ಅಳೆಯುತ್ತಿದ್ದಳು. ಮೂರು ಸುತ್ತು, ಮೂರರ ಸರಾಸರಿ. ಎಲ್ಲರ ಕಿವಿಯಲ್ಲೂ ಸ್ಪಂಜಿನ ಬಿರಡೆ. ಮೊದಲ ಸುತ್ತಿನಲ್ಲಿ ಹಸಿರು ಕಾರು ನೂರ ಮೂವತ್ತನಾಲ್ಕು ಡೆಸಿಬೆಲ್ ಹೊಡೆಯಿತು. ನೆಲವೇ ಕೆಮ್ಮಿದ ಹಾಗಾಯಿತು. ಹಳೇ ವ್ಯಾನಿನ ಹೆಂಗಸು ನೂರ ಮೂವತ್ತೊಂದು ಪಾಯಿಂಟ್ ಒಂಬತ್ತು. ತಮ್ಮನದು ನೂರ ಮೂವತ್ತೊಂದು ಪಾಯಿಂಟ್ ಎರಡು. ಎರಡನೇ ಸುತ್ತಿನಲ್ಲೂ ಪಾಯಿಂಟ್ ಎರಡು.

ಮೂರನೇ ಸುತ್ತಿಗೆ ಮುಂಚೆ ಟೀಚರ್ ನೋಡಿದರೆ ತಮ್ಮ ಡಿಕ್ಕಿ ತೆರೆದು ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ್ದಾನೆ.

"ಕೂದಲೆಳೆಯಷ್ಟು ಅಕ್ಕ. ಇನ್ನು ಒಂದೇ ಸುತ್ತು. ವ್ಯಾನಿನವಳನ್ನಾದ್ರೂ ಹಿಂದೆ ಹಾಕಬಹುದು."

ಬೇಡ ಎಂಬ ಮಾತು ಟೀಚರ ನಾಲಿಗೆಯ ತುದಿಗೆ ಬಂದಿತ್ತು. ಅವರು ಅದನ್ನು ನುಂಗಿಕೊಂಡರು.

"ನಿನ್ನ ಗಾಡಿ," ಎಂದರು. "ಲೆಕ್ಕ ನಿಂಗೂ ಗೊತ್ತು."

ಅವನು ಹಾಗೇ ಬಗ್ಗಿಕೊಂಡಿದ್ದ. ಅವನ ತುಟಿ ಅಲುಗುತ್ತಿತ್ತು: ಐನೂರು, ಎರಡು, ಸಾವಿರ. ಆಚೆಯಿಂದ ತೀರ್ಪುಗಾರ್ತಿ ಅವನ ನಂಬರ್ ಕೂಗಿದಳು. ಅವನು ಸೊಂಟ ನೆಟ್ಟಗೆ ಮಾಡಿ, ಸ್ಕ್ರೂಡ್ರೈವರನ್ನು ಅಕ್ಕನ ವ್ಯಾನಿಟಿ ಬ್ಯಾಗಿನೊಳಕ್ಕೆ ಹಾಕಿ ಜಿಪ್ ಎಳೆದ. "ಮೂವತ್ತೊಂದು ಪಾಯಿಂಟ್ ಆರು ಅಂದ್ರೆ ಮೂವತ್ತೊಂದು ಪಾಯಿಂಟ್ ಆರೇ," ಎಂದು ಡಿಕ್ಕಿ ಮುಚ್ಚಿದ.

ಹಸಿರು ಕಾರು ಮೂರನೇ ಸುತ್ತಿನ ಹನ್ನೊಂದನೇ ಸೆಕೆಂಡಿಗೆ ಗೊರಗೊರ ಎಂದು ನಿಂತು ಸ್ಪರ್ಧೆಯಿಂದ ಹೊರಬಿತ್ತು. ಟೀಚರಿಗೆ ಇಪ್ಪತ್ತು ಅಡಿ ದೂರದಿಂದಲೇ ಆ ಕಮಟು ವಾಸನೆ ಬಡಿಯಿತು. ಆ ಹುಡುಗನ ಮುಖ ನೋಡಿ ಅಯ್ಯೋ ಅನ್ನಿಸಿತು. ತಮ್ಮನದು ಮತ್ತೆ ನೂರ ಮೂವತ್ತೊಂದು ಪಾಯಿಂಟ್ ಎರಡು. ವ್ಯಾನಿನ ಹೆಂಗಸು ಮೊದಲು, ತಮ್ಮ ಎರಡನೇ ಸ್ಥಾನ.

"ಮೂರು ಸಲಾನೂ ಒಂದೇ!" ಎಂದು ಕುಣಿದವರು ಟೀಚರ್. ಗೆದ್ದ ಹೆಂಗಸಿನ ಕೈಯನ್ನೂ ಹಿಡಿದು ಕುಲುಕಿದರು. "ನೋಡಿದ್ರಾ, ಮೂರು ಸಲಾನೂ ಪಾಯಿಂಟ್ ಎರಡು!" ಆಮೇಲೆ ಮಲ್ಟಿಮೀಟರ್ ತೆಗೆದುಕೊಂಡು ಸೀದಾ ಹಸಿರು ಕಾರಿನ ಹತ್ತಿರ ಹೋದರು. "ಎಷ್ಟು ಓಮ್‌ಗೆ ಜೋಡಿಸಿದ್ದೀಯಪ್ಪ?" ಅವನು ಕಣ್ಣು ಕಣ್ಣು ಬಿಟ್ಟ. ಅರ್ಧ ಗಂಟೆಯೊಳಗೆ ಅವರ ಸುತ್ತ ಏಳೆಂಟು ಜನ ಸೇರಿದ್ದರು. "ಮೇಡಂ, ನಂದೂ ಒಂಚೂರು ನೋಡಿ," "ಮೇಡಂ, ಇದರಲ್ಲಿ ನಿರಂತರ ಅಂತ ಎಲ್ಲಿ ಬರೆದಿದೆ?" ತಮ್ಮ ಒಂದು ಬಾನೆಟ್ಟಿನ ಮೇಲೆ ಕೂತು ಯಾರಿಗೋ ಎರಡು ಬಾಗಿಲಿನ ಕೋಣೆಯ ಕತೆ ಹೇಳುತ್ತಿದ್ದ.

ಹೊರಡುವಾಗ ಟೀಚರ್ ಮುಂದಿನ ಸೀಟಿನಲ್ಲಿ ಕೂತು, "ಒಂದು ಹಾಡು ಹಾಕು. ಹದವಾಗಿ. ನಾನಿನ್ನೂ ಒಳಗೆ ಕೂತು ಕೇಳೇ ಇಲ್ಲ," ಎಂದರು. ಅವನು ಹಾಕಿದ. ಸದ್ದು ಮೊದಲು ಬೆನ್ನಿಗೆ ಬಂತು, ಆಮೇಲೆ ಪಕ್ಕೆಲುಬಿಗೆ, ಕಿವಿಗೆ ಬಂದದ್ದು ಕೊನೆಗೆ. ಗೊರಗುಟ್ಟುವಿಕೆಯಿಲ್ಲ, ಒಡಕಿಲ್ಲ. ದುಂಡಗೆ ಹತ್ತಿ ದುಂಡಗೆ ಇಳಿಯುತ್ತಿತ್ತು. ಅವರು ಸೀಟಿನ ಅಂಚು ಹಿಡಿದುಕೊಂಡು ಜೋರಾಗಿ ನಕ್ಕರು.

ಕಾರು ಬಯಲು ದಾಟಿ ರಸ್ತೆಗೆ ಬಂದು, ಕೆಂಪು ದೀಪಕ್ಕೆ ನಿಂತಾಗ ತಮ್ಮ ತಿರುಗಿ ನೋಡಿದ.

"ಅಕ್ಕ, ತಲೆ ನೋಡ್ಕೋ."

ಟೀಚರ್ ಕನ್ನಡಿ ಬಾಗಿಸಿಕೊಂಡರು. ಹಳೇ ಕಾರಿನ ಚಾವಣಿಯ ಬಟ್ಟೆಯೊಳಗಿದ್ದ ಪುಡಿಯೆಲ್ಲ ಉದುರಿ ಅವರ ಕೂದಲಿಗೆ, ಹುಬ್ಬಿಗೆ, ಭುಜಕ್ಕೆ ಸೀಮೆಸುಣ್ಣದ ಪುಡಿಯ ಹಾಗೆ ತೆಳ್ಳಗೆ ಬೆಳ್ಳಗೆ ಹತ್ತಿತ್ತು. ಒಂದು ಬೆರಳಿನಿಂದ ತೋಳಿನ ಮೇಲಿನ ಪುಡಿಯನ್ನು ಮುಟ್ಟಿ, ಹೆಬ್ಬೆರಳಿಗೆ ಉಜ್ಜಿ ನೋಡಿದರು. ಕೊಡವಲಿಲ್ಲ. ದೀಪ ಹಸಿರಾಯಿತು. ಕಾರು ಹೊರಟಾಗ ಅವರು ಗಾಳಿ ಒಳಗೆ ಬಾರದಂತೆ ತಾವು ಕೂತ ಕಡೆಯ ಗಾಜನ್ನು ಮೇಲಕ್ಕೆ ಏರಿಸಿಕೊಂಡರು.