ಕಾಲಿಂಚು ಬಿಟ್ಟ ಕಿಟಕಿ

ಕಿಟಕಿ ಮೇಸ್ತ್ರಿ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಬಾಗಿಲು, ಮಂಚ, ಕಪಾಟು ಎಲ್ಲವನ್ನೂ ಮಾಡಿದವನೇ, ಆದರೆ ಹೆಸರು ನಿಂತದ್ದು ಕಿಟಕಿಗೆ. ಮರದ ಸರಳು ಹೋಗಿ ಕಬ್ಬಿಣದ ಸರಳು ಬಂದದ್ದನ್ನು ಅವನು ಕಂಡಿದ್ದ. ಹಲಗೆಯ ರೆಕ್ಕೆ ಹೋಗಿ ಗಾಜಿನ ರೆಕ್ಕೆ ಬಂದಾಗ, ಮನೆಯೊಳಗೆ ಬೆಳಕಾಯಿತಲ್ಲ ಎಂದು ಖುಷಿಯಿಂದಲೇ ಗಾಜು ಕೂರಿಸಿದ್ದ. ಅಲ್ಯೂಮಿನಿಯಂ ಸ್ಲೈಡಿಂಗ್ ಬಂದಾಗ ಮಾತ್ರ ಮೂಗು ಮುರಿದ. ಗಾಳಿ ಬಂದರೆ ಗಡಗಡ ನಡುಗುತ್ತದಲ್ಲ, ಕಿಟಕಿಗೆ ಜ್ವರವೇ, ಒಂದು ಮಾತ್ರೆ ಕೊಡಿ ಎನ್ನುತ್ತಿದ್ದ. ಕೊನೆಗೆ ಬಂದದ್ದು ಪ್ಲಾಸ್ಟಿಕ್ ಚೌಕಟ್ಟಿನ, ಎರಡು ಪದರ ಗಾಜಿನ ಕಿಟಕಿ. ಅದನ್ನು ಬೀದಿಗೆ ತಂದವಳು ಅವನ ಮಗಳೇ. ಬೈಯುವುದಾದರೂ ಯಾರನ್ನು?

ಮಗಳು ಅಂಗಡಿ ತೆರೆಯುವ ಹೊತ್ತಿಗೆ ಮರದ ಕಿಟಕಿ ಕೇಳಿಕೊಂಡು ಬರುವವರೇ ಇರಲಿಲ್ಲ. ಮೇಸ್ತ್ರಿ ಉಳಿಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟು ಮನೆಯಲ್ಲಿ ಕೂತ. ಕೂತಲ್ಲಿ ಕೂರಲಾರದೆ ಹೆಂಡತಿಯ ಪ್ರಾಣ ತಿಂದ. ಪಾತ್ರೆ ಜೋಡಿಸಿದ್ದು ಸರಿಯಿಲ್ಲ, ಕ್ಯಾಲೆಂಡರ್ ವಾರೆಯಾಗಿದೆ ಎಂದು ದಿನವೆಲ್ಲ ಒಂದೇ ರಾಗ. ಅಮ್ಮನ ಪಾಡು ನೋಡಲಾರದೆ ಮಗಳು ಅವನ ಕೈಗೆ ಅಳತೆಯ ಟೇಪು ಕೊಟ್ಟಳು. ಬಸ್ಸಿನ ರಸ್ತೆಯ ಟೀಚರೊಬ್ಬರು ಹೊಸ ಕಿಟಕಿ ಕೇಳಿದ್ದಾರೆ, ಅವರ ಮನೆಯ ಮೊದಲ ಕಿಟಕಿ ಸರಿಯಾಗಿ ಕೂತರೆ, ಇನ್ನು ಮುಂದೆ ಅಳತೆಯ ಕೆಲಸವೆಲ್ಲ ನಿನ್ನದೇ ಎಂದಳು. ನೋಡೋಣ ಎಂದು ಅವನು ಬಿಗುಮಾನದಿಂದಲೇ ಹೇಳಿದ. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಹೊರಟಿದ್ದ.

ಟೀಚರ್ ಮನೆಯ ಐದೂ ಕಿಟಕಿಗಳನ್ನು ಮೂವತ್ತು ವರ್ಷದ ಹಿಂದೆ ಮಾಡಿದವನು ಅವನೇ. ನಿಮ್ಮ ಕಿಟಕಿಯದು ಏನೂ ತಪ್ಪಿಲ್ಲ ಮೇಸ್ತ್ರಿ, ಎಲ್ಲ ಈ ಬಸ್ಸುಗಳ ಸದ್ದಿನದು, ರಾತ್ರಿ ಕಣ್ಣು ಮುಚ್ಚಲು ಬಿಡುವುದಿಲ್ಲ ಎಂದು ಟೀಚರ್ ತಾವೇ ಸಂಕೋಚಪಟ್ಟರು. ಮೊದಲಿಗೆ ಮಲಗುವ ಕೋಣೆಯದೊಂದು, ಹಿಡಿಸಿದರೆ ಉಳಿದ ನಾಲ್ಕು ಎಂದು ಮಾತಾಯಿತು. ಮೇಸ್ತ್ರಿ ಒಂದಕ್ಕೆ ಮೂರು ಸಲ ಅಳೆದು ಬರೆದುಕೊಟ್ಟ.

ಕೂರಿಸುವ ದಿನ ಕೆಲಸದವರು ಹಳೆಯ ಚೌಕಟ್ಟು ಕಿತ್ತು ಅಂಗಳದಲ್ಲಿಟ್ಟು, ಹೊಸದನ್ನು ಎತ್ತಿ ಗೋಡೆಗೆ ಹಿಡಿದರು. ಸುತ್ತಲೂ ಸಂದು. ಕಿರುಬೆರಳು ಸಲೀಸಾಗಿ ತೂರುವಷ್ಟು ಸಂದು. ಮಗಳು ಚೀಟಿ ನೋಡಿದಳು, ಗೋಡೆ ಅಳೆದಳು, ಮತ್ತೆ ಚೀಟಿ ನೋಡಿದಳು.

"ಅಪ್ಪ, ಅಳತೆಯಲ್ಲಿ ಏನಾದ್ರೂ ಕಳೆದ್ಯಾ?"

"ಸುತ್ತ ಕಾಲಿಂಚು ಬಿಟ್ಟಿದೀನಿ. ಮಳೆಗಾಲಕ್ಕೆ ಉಬ್ಬಬೇಕಲ್ಲ."

"ಇದು ಮರ ಅಲ್ಲಪ್ಪ."

ಫ್ಯಾಕ್ಟರಿಯವರು ತಮ್ಮ ಸಂದನ್ನು ತಾವೇ ಬಿಟ್ಟುಕೊಳ್ಳುತ್ತಾರೆ, ಅದರ ಮೇಲೆ ಮೇಸ್ತ್ರಿಯದೂ ಸೇರಿತ್ತು. ನಲವತ್ತು ವರ್ಷ ಅಳೆದ ಕೈ ತಾನಾಗಿಯೇ ಕಳೆದುಬಿಟ್ಟಿತ್ತು. ಇಷ್ಟು ಸಂದಿಗೆ ಫೋಮ್ ತುಂಬಿದರೆ ಶಬ್ದ ನಿಲ್ಲುವುದಿಲ್ಲ, ಆ ಗಾಜನ್ನು ಹಿಗ್ಗಿಸಲೂ ಬರುವುದಿಲ್ಲ, ಹೊಸದು ಬರಲು ಒಂದು ತಿಂಗಳು ಬೇಕು. ಮಗಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು ಅನ್ನಿಸಿತು ಅವನಿಗೆ. ಟೇಪನ್ನು ಮೇಜಿನ ಮೇಲಿಟ್ಟು, ಯಾರಿಗೂ ಹೇಳದೆ ಹೊರಟುಹೋದ.

ಮುನಿಸಿಕೊಂಡು ಮನೆ ಸೇರಿದ ಎಂದುಕೊಂಡಳು ಮಗಳು. ಅರ್ಧ ಗಂಟೆಯಲ್ಲಿ ಅವನು ಉಳಿ ಸುತ್ತಿಟ್ಟಿದ್ದ ಬಟ್ಟೆಯ ಗಂಟು ಹಿಡಿದು ಬಂದ. ಅಂಗಳದಲ್ಲಿ ಬಿದ್ದಿದ್ದ ತನ್ನದೇ ಚೌಕಟ್ಟನ್ನು ಬಿಚ್ಚಿ, ಉದ್ದಕ್ಕೆ ಸೀಳಿ, ಕುಕ್ಕರಗಾಲಿನಲ್ಲಿ ಕೂತು ಹೆರೆಯತೊಡಗಿದ. ಹಳೆಯ ಬಣ್ಣದಡಿಯಿಂದ ಜೇನಿನ ಬಣ್ಣದ ಮರ ಹೊರಬಂತು. ಮೂವತ್ತು ಮಳೆಗಾಲ ಕಂಡ ಮರ, ಉಬ್ಬುವ ಆಟವನ್ನೆಲ್ಲ ಎಂದೋ ಆಡಿ ಮುಗಿಸಿತ್ತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಪಟ್ಟಿ ತಯಾರಾದವು. ಗೋಡೆಗೂ ಹೊಸ ಕಿಟಕಿಗೂ ನಡುವೆ ಅವುಗಳನ್ನು ಬಡಿದು ಕೂರಿಸಿದರೆ, ತಲೆಗೂದಲೂ ನುಸುಳುವಂತಿರಲಿಲ್ಲ.

ಟೀಚರ್ ಕಿಟಕಿ ಮುಚ್ಚಿದರು. ಹೊರಗೆ ಬಸ್ಸೊಂದು ಸದ್ದಿಲ್ಲದೆ ಹಾದುಹೋಯಿತು. ಅವರು ಬಸ್ಸನ್ನು ನೋಡಲಿಲ್ಲ, ಮರದ ಪಟ್ಟಿಯ ಮೇಲೆ ಕೈಯಾಡಿಸುತ್ತ ನಿಂತಿದ್ದರು. ಉಳಿದ ನಾಲ್ಕೂ ಹೀಗೇ ಇರಲಿ ಎಂದರು.

ಮಗಳು ಟೇಪನ್ನು ಅಪ್ಪನ ಕೈಗೇ ಕೊಟ್ಟಳು. ಈ ಸಲ ಅವನು ಮೈಯೆಲ್ಲ ಕಣ್ಣಾಗಿ, ಒಂದು ಎಳೆಯೂ ಬಿಡದೆ ಅಳೆದು ಕೂಗಿ ಹೇಳಿದ. ಅವಳು ಬರೆದುಕೊಂಡಳು. ಅನುಮಾನದ ಪ್ರಾಣಿ, ಕನ್ನಡಕ ಏರಿಸಿ ಚೀಟಿಯತ್ತ ಇಣುಕಿದ. ಪ್ರತಿ ಬದಿಗೂ ಕಾಲಿಂಚು ಕಡಿಮೆಯಿತ್ತು.

"ಯಾಕಮ್ಮ ಕಳೆದೆ? ಇದು ಮರ ಅಲ್ಲ ಅಂತ ನೀನೇ ಹೇಳಿದ್ಯಲ್ಲ."

"ನಿನ್ನ ಮರಕ್ಕೆ ಜಾಗ ಬೇಡ್ವಾಪ್ಪ?"

ಮೇಸ್ತ್ರಿ ಗೋಡೆಯ ಕಡೆ ತಿರುಗಿ, ಆಗಲೇ ಅಳೆದಿದ್ದ ಕಿಟಕಿಯನ್ನು ಇನ್ನೊಮ್ಮೆ ಅಳೆಯತೊಡಗಿದ. ಕನ್ನಡಕ ಮಂಜಾಗಿ ಅಂಕಿ ಒಂದೂ ಕಾಣುತ್ತಿರಲಿಲ್ಲ.