ಕೆಮ್ಮಣ್ಣಿನ ಗಡಿಗೆ

ತ್ಯಾಗಲಿ ಎಂಬ ಹಳ್ಳಿಗೆ ಮದುವೆಯಾಗಿ ಬಂದ ವರ್ಷವೇ ರಕ್ಷಿತಾ ಮಾಡಿದ ಘನಕಾರ್ಯ ಊರಿಗೆಲ್ಲ ಗೊತ್ತು. ಅಡುಗೆಮನೆಯ ಮೂಲೆಯಲ್ಲಿ ಕೆಮ್ಮಣ್ಣು ತುಂಬಿದ ಗಡಿಗೆಯೊಂದು ಕಂಡಿತು. ಯಲ್ಲಾಪುರ ಪೇಟೆಯಲ್ಲಿ ಬೆಳೆದವಳು. ಅಡುಗೆಮನೆಯಲ್ಲಿ ಯಾರಾದರೂ ಮಣ್ಣು ಇಟ್ಟುಕೊಳ್ಳುತ್ತಾರೆಯೇ ಎಂದು ಹಿತ್ತಲಿಗೆ ಒಯ್ದು ಸುರುವಿಯೇಬಿಟ್ಟಳು. ಹದಿನೈದು ದಿನಕ್ಕೆ ಅಲ್ಲಿ ಹಲಸಿನ ಸಸಿಗಳು ಗುಂಪುಗುಂಪಾಗಿ ತಲೆಯೆತ್ತಿದವು. ಮಳೆಗಾಲದ ಅಡುಗೆಗೆಂದು ಅತ್ತೆ ದ್ಯಾವಮ್ಮ ಕೆಮ್ಮಣ್ಣು ಮೆತ್ತಿ ಜೋಪಾನ ಮಾಡಿದ್ದ ಹಲಸಿನ ಬೀಜ ಅದು!

ದ್ಯಾವಮ್ಮ ಬೈಯಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತು. ಬಂದವರಿಗೆಲ್ಲ ಸಸಿ ತೋರಿಸಿ, "ಉಲ್ಲಾಸನ ಹೆಂಡ್ತಿ ತೋಟ ಮಾಡಿದ್ದು ನೋಡಿ. ನಮ್ಮನೆ ಸೊಸೆ ಆಗೂಕೆ ಇವ್ಳಿಗೆ ಇನ್ನೂ ಒಂದು ಕಷ್ಟದ ಮಳೆಗಾಲ ಬೇಕು" ಅನ್ನುತ್ತಿದ್ದಳು. ಮೂರು ವರ್ಷ ಕಳೆದರೂ ಅತ್ತೆಯ ಬಾಯಲ್ಲಿ ಅವಳು 'ಉಲ್ಲಾಸನ ಹೆಂಡ್ತಿ'ಯೇ. ರಕ್ಷಿತಾಳಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

ಆ ಮಳೆಗಾಲ ಈ ವರ್ಷ ಬಂತು. ಶಿರಸಿಯಲ್ಲಿ ಗೊಬ್ಬರದ ಚೀಲ ಇಳಿಸುವಾಗ ಉಲ್ಲಾಸ ಪಿಕಪ್ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ಮೂರು ತಿಂಗಳು ಕಾಲು ಊರಲೇಬಾರದು ಅಂದರು ಡಾಕ್ಟರು. ಮನೆಯಲ್ಲಿ ದುಡಿದು ತರುತ್ತಿದ್ದವನು ಅವನೊಬ್ಬನೇ. ಇದ್ದದ್ದೆಲ್ಲ ಆಸ್ಪತ್ರೆಗೆ ಹೋಯಿತು.

ಇಂಥ ಸುದ್ದಿ ಗೋವಿಂದನ ಕಿವಿಗೆ ಯಾರು ಹಾಕುತ್ತಾರೋ ದೇವರೇ ಬಲ್ಲ! ಊರೂರಿನ ಗದ್ದೆ ಹಿಡಿದು ಶುಂಠಿ ಬೆಳೆಸುವ ಆಸಾಮಿ. ಮಾರನೇ ವಾರವೇ ಬಂದು, "ಸುಗ್ಗಿ ಮುಗಿದ್ಮೇಲೆ ಮೂರು ವರ್ಷಕ್ಕೆ ಗದ್ದೆ ಬಿಟ್ಕೊಡಿ, ಮುಂಗಡ ಈಗ್ಲೇ ಕೊಡ್ತೆ" ಅಂದ. ಪಕ್ಕದ ಗದ್ದೆಗೆ ಶುಂಠಿ ಹಾಕಿದ ಮೇಲೆ ಅಲ್ಲಿ ಭತ್ತ ಸರಿಯಾಗಿ ಏಳದ್ದನ್ನು ಇವರೆಲ್ಲ ಕಣ್ಣಾರೆ ಕಂಡಿದ್ದರು. ಗದ್ದೆ ಹೋದರೆ ಮನೆಯ ಅನ್ನವೇ ಹೋದಂತೆ. ಮುಂಗಡಕ್ಕೆ ದ್ಯಾವಮ್ಮ ಕೈ ಚಾಚಲಿಲ್ಲ. "ಶ್ರಾವಣದ ಹೊತ್ತಿಗೆ ನೀವೇ ಕರೀತ್ರಿ" ಎಂದು ನಗುತ್ತ ಎದ್ದುಹೋದ.

ಅವನು ಹೋದದ್ದೇ ರಕ್ಷಿತಾ ಅತ್ತುಬಿಟ್ಟಳು. "ಸುಗ್ಗಿವರೆಗೆ ಎಂತ ತಿನ್ನೂದು ಅತ್ತೆ?"

ದ್ಯಾವಮ್ಮ ಏಣಿ ತಂದು ಗೋಡೆಗೆ ಒರಗಿಸಿದಳು. "ಅಟ್ಟ ಹತ್ತು. ಇಳಿಸೂದು, ಅಳೆಯೂದು ಎಲ್ಲ ಇವತ್ತಿಂದ ನಿಂದೇ."

ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ತೊಳೆ, ಬೂದಿ ಬೆರೆಸಿದ ಹುರುಳಿ, ಹುಲ್ಲಿನಲ್ಲಿ ಬಿಗಿದು ಕಟ್ಟಿದ ಎರಡು ಮುಡಿ ಅಕ್ಕಿ. ಕೆಮ್ಮಣ್ಣಿನ ಗಡಿಗೆ ಒಂದಲ್ಲ, ಆರು! ವರ್ಷವರ್ಷವೂ ಅತ್ತೆ ಇದನ್ನೆಲ್ಲ ಅಟ್ಟಕ್ಕೇರಿಸುವಾಗ, ಮುದುಕಿಗೆ ಮರುಳು ಎಂದು ತವರಿಗೆ ಫೋನು ಮಾಡಿ ನಕ್ಕವಳು ತಾನೇ. ಅಟ್ಟದ ಮೇಲೆ ಕೂತಲ್ಲೇ ಅವಳಿಗೆ ನಾಚಿಕೆಯಾಯಿತು.

ಆಮೇಲೆ ರಕ್ಷಿತಾ ಸೆರಗು ಬಿಗಿದಳು. ಒಂದು ದಿನ ಬೀಜದ ಸಾರು, ಒಂದು ದಿನ ಪಲ್ಯ, ಒಂದು ದಿನ ಕೆಸುವಿನ ಸೊಪ್ಪಿಗೆ ಹುರುಳಿ. ಅಕ್ಕಿಯನ್ನು ಪಾವಿನಲ್ಲಿ ಅಳೆದೇ ಹಾಕುವುದು. ಕೂಲಿ ಕೊಡಲು ಕಾಸಿಲ್ಲದಿದ್ದರೇನು, ತಾನು ನಾಲ್ಕು ಮನೆಯ ನಾಟಿಗೆ ಹೋದಳು. ಆ ನಾಲ್ಕು ಮನೆಯವರು ಇವರ ಗದ್ದೆಗೆ ಬಂದು ನಟ್ಟುಕೊಟ್ಟರು. ಸೊಂಟ ಬಿದ್ದುಹೋಯಿತು, ನಿಜ. ಗದ್ದೆ ಮಾತ್ರ ಹಸಿರಾಯಿತು.

ಶ್ರಾವಣದಲ್ಲಿ ಗೋವಿಂದ ಯಾರೂ ಕರೆಯದೆಯೇ ಬಂದ, ಅದೂ ಸರಿಯಾಗಿ ಊಟದ ಹೊತ್ತಿಗೆ. ಹಸಿದ ಮನೆ ನೋಡಲು ಬಂದವನನ್ನು ಬಾಳೆಲೆ ಹಾಕಿ ಕೂರಿಸಿದರು. ಅವನು ಎರಡನೇ ಸಲ ಹಾಕಿಸಿಕೊಂಡು, "ಎಂತ ಪಲ್ಯ ಇದು? ಭಾರಿ ರುಚಿ ಮಾರಾಯ್ತಿ!" ಅಂದ.

"ಹಲಸಿನ ಬೀಜದ್ದು," ಅಂದಳು ದ್ಯಾವಮ್ಮ.

"ಹೌದಾ? ಅದಿರ್ಲಿ, ಗದ್ದೆ ವಿಷ್ಯ ಎಂತ ಮಾಡಿದ್ರಿ ದ್ಯಾವಮ್ಮ?"

ದ್ಯಾವಮ್ಮ ನಿಧಾನಕ್ಕೆ ವೀಳ್ಯದೆಲೆಗೆ ಸುಣ್ಣ ಸವರಿದಳು. "ನನ್ನ ಎಂತಕ್ಕೆ ಕೇಳ್ತೀಯೋ? ಈ ಮಳೆಗಾಲ ದಾಟಿಸಿದ್ದು ನಮ್ಮನೆ ಸೊಸೆ. ಅವಳನ್ನ ಕೇಳು."

ರಕ್ಷಿತಾಳ ಕೈಯ ಸೌಟು ನಿಂತಿತು. ಮಂಚದ ಮೇಲಿದ್ದ ಉಲ್ಲಾಸ ತಲೆಯೆತ್ತಿ ತಾಯಿಯನ್ನೇ ನೋಡಿದ. ರಕ್ಷಿತಾಳಿಗೆ ಎದೆ ತುಂಬಿ ಬಂತು.

"ಅಟ್ಟದಲ್ಲಿ ಇನ್ನೂ ಎರಡು ಗಡಿಗೆ ಬಾಯಿ ಬಿಚ್ಚದೇ ಕೂತದೆ ಗೋವಿಂದಣ್ಣ. ಗದ್ದೆ ಕೊಡೂದಿಲ್ಲ," ಅಂದಳು. "ಪಲ್ಯ ಬೇಕಾದ್ರೆ ಇನ್ನೊಂಚೂರು ಹಾಕ್ತೆ."