ಬೋರವ್ವನ ಮನೆಯ ರೊಟ್ಟಿ

ಬೋರವ್ವ ಹಟ ಹಿಡಿದಳೆಂದರೆ ಅವಳ ಆಡುಗಳೇ ವಾಸಿ ಅನ್ನಬೇಕು. ಈ ಸಲ ಹಟ ಬಂದದ್ದು ಕಾಲಿನ ಮೇಲೆ. ಸಕ್ಕರೆ ಕಾಯಿಲೆಯಿಂದ ಅವಳ ಬಲಗಾಲಿನಲ್ಲಿ ಹುಣ್ಣಾಗಿತ್ತು. ದಿನ ಬಿಟ್ಟು ದಿನ ತೊಳೆದು ಪಟ್ಟಿ ಕಟ್ಟದಿದ್ದರೆ ಕಾಲು ತೆಗೆಯಬೇಕಾದೀತು ಎಂದು ವಿಜಯಪುರದ ಡಾಕ್ಟರು ಹೇಳಿ ಕಳಿಸಿದ್ದರು. ಹಾಗೆ ಪಟ್ಟಿ ಕಟ್ಟಲು ಮನೆಗೇ ಬರುತ್ತಿದ್ದ ಹೆಂಗಸಿಗೆ ಬೋರವ್ವ ಇವತ್ತು ಕಾಲು ಕೊಡಲಿಲ್ಲ. ಸೀರೆಯೊಳಗೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಕೂತಳು.

ಆ ಹೆಂಗಸು ತೆರೆಸಿತಾ. ಫಿಲಿಪೈನ್ಸ್ ದೇಶದವಳು, ನರ್ಸು. ಬಡವರ ನಡುವೆ ಸೇವೆ ಮಾಡಬೇಕೆಂದು ಕ್ಯಾಥೊಲಿಕ್ ಚರ್ಚಿನ ಪರವಾಗಿ ಗಂಡ, ಮಗಳ ಸಮೇತ ಬಂದು ಬಬಲೇಶ್ವರದ ಸಂತೆ ಬಯಲಿನ ಹಿಂದೆ ಬಾಡಿಗೆ ಮನೆ ಹಿಡಿದಿದ್ದಳು. ಗಂಡ ರಾಮಿಲ್ ಬಡಿಗತನ ಬಲ್ಲವನು. ಕೇರಿಯ ಮುರಿದ ಬಾಗಿಲು, ಮಂಚಗಳನ್ನು ಸರಿಮಾಡಿಕೊಡುತ್ತಿದ್ದ. ಮೊದಮೊದಲು ಜಾತಿ ಕೆಡಿಸಲು ಬಂದಿದ್ದಾರೆಂದು ಗುಸುಗುಸು ಎದ್ದಿತ್ತು. ಆದರೆ ಅವರು ಯಾರನ್ನೂ ನಿಮ್ಮ ದೇವರು ಯಾವುದೆಂದು ಕೇಳಲಿಲ್ಲ. ರವಿವಾರ ಬಸ್ಸು ಹತ್ತಿ ವಿಜಯಪುರದ ಚರ್ಚಿಗೆ ಹೋಗುವುದು, ಉಳಿದ ದಿನ ಕೇರಿಗಳಲ್ಲಿ ಅಲೆಯುವುದು, ಅಷ್ಟೇ. ತೆರೆಸಿತಾ ಜನರ ಬಾಯಲ್ಲಿ ತೆರೆಸವ್ವ ಆದಳು.

ತೆರೆಸವ್ವನಲ್ಲಿ ಒಂದೇ ಐಬು. ಯಾರ ಮನೆಯಲ್ಲೂ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಕುಡಿಯುವ ನೀರು ಕೂಡ ಅವಳ ಚೀಲದಲ್ಲೇ ಬರುತ್ತಿತ್ತು. ರೊಟ್ಟಿ ಮುಂದಿಟ್ಟರೆ ಎದೆಯ ಮೇಲೆ ಕೈಯಿಟ್ಟು ನಕ್ಕು, "ಬ್ಯಾಡ್ರಿ" ಅನ್ನುವಳು. ಒಂದು ಸಲ ಬೇಡ ಅಂದರೆ ಸಂಕೋಚ, ಎರಡು ಸಲ ಅಂದರೆ ಹೊಟ್ಟೆ ತುಂಬಿರಬೇಕು. ತಿಂಗಳುಗಟ್ಟಲೆ ಬೇಡ ಅಂದರೆ ಅದರ ಅರ್ಥವೇನೆಂದು ಬೋರವ್ವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತಿಕೋಟಾ ಕಡೆಯ ತವರೂರಿನಲ್ಲಿ ಅವಳು ಕೂಲಿಗೆ ಹೋದಾಗ ಬೊಗಸೆ ಒಡ್ಡಿ ನಿಲ್ಲಬೇಕಿತ್ತು, ಹೊಲದವರು ಮೇಲಿನಿಂದ ನೀರು ಹನಿಸುತ್ತಿದ್ದರು. ಅವಳ ಮನೆಯ ರೊಟ್ಟಿಯನ್ನಂತೂ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

"ನಮ್ಮನಿ ನೀರು ಮುಟ್ಟದಾಕಿ ನನ್ನ ಕಾಲು ಯಾಕ ಮುಟ್ಟಬೇಕು? ಹೋಗಂತ ಹೇಳು ಆಕಿಗೆ" ಎಂದು ಸೊಸೆ ರೇಣುಕಾಗೆ ಹೇಳಿದಳು. ತೆರೆಸವ್ವನ ಕನ್ನಡ ಅಷ್ಟು ದೂರ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಚೀಲ ಎತ್ತಿಕೊಂಡು ಸಪ್ಪೆ ಮುಖದಲ್ಲಿ ಹೋದಳು.

ಸಂಜೆ ಮಗ ಶಿವಲಿಂಗ ರೇಗಿದ. "ಕಾಲು ಹೋದ್ರ ಆಡು ಯಾರು ಕಾಯ್ತಾರ ಬೇ?"

"ನೀ ಕಾಯಿ."

ಮರುದಿನ ರೇಣುಕಾ ಅತ್ತೆಗೆ ಹೇಳದೆ ತೆರೆಸವ್ವನ ಮನೆಗೆ ಹೋದಳು. ಕಾಲೇಜಿನಲ್ಲಿ ಕಲಿತ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿ ತಿಳಿದುಕೊಂಡು ಬಂದಳು.

"ಅತ್ತಿ, ಅವರು ಕುಲ-ಗಿಲ ನೋಡೂ ಮಂದಿ ಅಲ್ಲ. ಇಲ್ಲಿಗೆ ಬರೂ ಮುಂದ ಅವರೂರ ಚರ್ಚಿನ್ಯಾಗ ಆಣಿ ಮಾಡ್ಯಾರಂತ. ಬಡವರ ಮನ್ಯಾಗ ಒಂದು ತುತ್ತೂ ತಿನ್ನಬಾರದು, ಅದು ಆ ಮನಿ ಮಕ್ಕಳ ಪಾಲು ಅಂತ."

ಇಷ್ಟು ಕೇಳಿದ ಮೇಲೆ ಅತ್ತೆ ಕರಗುತ್ತಾಳೆಂದು ರೇಣುಕಾ ಅಂದುಕೊಂಡಿದ್ದಳು. ಬೋರವ್ವನಿಗೆ ಒಳಗೊಳಗೆ ಹಗುರಾದದ್ದೂ ನಿಜ. ಆದರೆ ಹೊಸದೊಂದು ಉರಿ ಹತ್ತಿತು.

"ನಾವು ಬಡವರಂತ ಆಕಿಗೆ ಯಾರು ಹೇಳ್ಯಾರ? ಮನಿಗೆ ಬಂದವರಿಗೆ ಒಂದು ರೊಟ್ಟಿ ಹಾಕಲಾರದಷ್ಟು ಕೆಟ್ಟಿಲ್ಲ ನಾವು. ಉಣ್ಣೂದಿದ್ರ ಬರಲಿ. ಇಲ್ಲಾಂದ್ರ ಕಾಲು ಕೊಳೀಲಿ ಬಿಡು, ನಂದ ಐತಿ."

ಈ ಮಾತನ್ನೂ ರೇಣುಕಾ ಮುಟ್ಟಿಸಿದಳು. ಎರಡು ದಿನ ಯಾರೂ ಬರಲಿಲ್ಲ. ಪಟ್ಟಿಯಿಂದ ವಾಸನೆ ಬರತೊಡಗಿತು, ನೊಣ ಓಡಿಸಿ ಓಡಿಸಿ ಬೋರವ್ವನ ಕೈ ಸೋತಿತು. ಹಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದಳು, ಭಯವಾಗುತ್ತಿತ್ತು. ಹಟ ಮಾತ್ರ ಬಿಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ತೆರೆಸವ್ವ ಗಂಡನ ಜೊತೆ ಬಂದಳು. ಔಷಧದ ಚೀಲ ಬಿಚ್ಚಲಿಲ್ಲ. ಕೈ ತೊಳೆದುಕೊಂಡು ಒಲೆಯ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತು, ಕಲಿತುಕೊಂಡು ಬಂದ ಹಾಗೆ ಹೇಳಿದಳು: "ಹಸಿವಾಗೈತ್ರಿ."

ಬುಟ್ಟಿಯಲ್ಲಿದ್ದದ್ದು ಬೋರವ್ವನ ಊಟಕ್ಕೆಂದು ಉಳಿಸಿದ ಎರಡೇ ರೊಟ್ಟಿ. ಬೋರವ್ವ ಒಂದನ್ನು ತಟ್ಟೆಗೆ ಹಾಕಿ, ಕೆಂಪು ಚಟ್ನಿ, ಉಳ್ಳಾಗಡ್ಡಿ ಇಟ್ಟಳು. ತೆರೆಸವ್ವ ಹಣೆ, ಎದೆ, ಭುಜ ಮುಟ್ಟಿಕೊಂಡು ತನ್ನ ದೇವರಿಗೆ ಏನೋ ಹೇಳಿದಳು. ರೊಟ್ಟಿಯನ್ನು ಒಮ್ಮೆ ಎತ್ತಿ, ತಟ್ಟೆಗಿಟ್ಟು, ಮತ್ತೆ ಎತ್ತಿ ಮುರಿದದ್ದನ್ನು ಬೋರವ್ವ ನೋಡಿದಳು. ಆಣೆ ಮುರಿಯುವುದು ಎಂಥ ಸಂಕಟವೆಂದು ಅವಳಿಗೂ ಗೊತ್ತು.

"ನಿಮ್ಮ ದೇವರು ಸಿಟ್ಟಾಗಂಗಿಲ್ಲೇನು?"

ರೇಣುಕಾ ಬಿಡಿಸಿ ಹೇಳಿದ ಮೇಲೆ ತೆರೆಸವ್ವ ಯೋಚಿಸಿ, "ಕೇಳ್ತೀನ್ರಿ ಅವಂಗ" ಎಂದಳು.

ಚಟ್ನಿ ನಾಲಿಗೆಗೆ ತಾಗಿದ್ದೇ ತಡ, ಅವಳ ಕಣ್ಣು ಮೂಗು ಒಟ್ಟಿಗೇ ಸುರಿಯತೊಡಗಿದವು. ರಾಮಿಲ್ ನಕ್ಕುಬಿಟ್ಟ. ಬೋರವ್ವ ಮೊಸರಿನ ಬಟ್ಟಲು ಮುಂದೆ ತಳ್ಳಿದಳು. ರೊಟ್ಟಿ ಮುಗಿಯಿತು. ತೆರೆಸವ್ವ ಖಾಲಿ ತಟ್ಟೆಯನ್ನು ಗಂಡನತ್ತ ಸರಿಸಿ, "ಇವರಿಗೂ ಒಂದು ಕೊಡ್ರಿ" ಎಂದಳು. ಆಮೇಲೆ ಏನೋ ನೆನಪಾಗಿ, ನರ್ಸಿನ ಗತ್ತಿನಲ್ಲಿ ಕೇಳಿದಳು: "ನೀವು ಉಂಡ್ರ್ಯಾ?"

ರೇಣುಕಾ ಬುಟ್ಟಿಯತ್ತ ನೋಡಿ ಬಾಯಿ ತೆರೆದಳು. ಬೋರವ್ವ ಕಣ್ಣಲ್ಲೇ ಅವಳ ಬಾಯಿ ಮುಚ್ಚಿಸಿದಳು.

"ನಂದು ಯಾವಾಗೋ ಆಗೈತಿ. ಉಣ್ಣಪಾ ನೀ" ಎಂದು ಉಳಿದ ರೊಟ್ಟಿಯನ್ನೂ ರಾಮಿಲ್‌ನ ತಟ್ಟೆಗೆ ಹಾಕಿದಳು.

ಇಷ್ಟು ವರ್ಷದಲ್ಲಿ ಹೊರಗಿನವರು ಯಾರೂ ಅವಳ ಒಲೆಯ ಮುಂದೆ ಕೂತು ಕೇಳಿ ಉಂಡಿರಲಿಲ್ಲ. ಹಸಿದ ಹೊಟ್ಟೆ ಗುರುಗುಡುತ್ತಿತ್ತು, ಆದರೂ ಬೋರವ್ವನಿಗೆ ತನ್ನಷ್ಟು ಉಳ್ಳವರು ಬಬಲೇಶ್ವರದಲ್ಲೇ ಇಲ್ಲ ಅನಿಸಿತು. ಸೀರೆ ಸರಿಸಿ, ಕಾಲನ್ನು ತೆರೆಸವ್ವನ ತೊಡೆಯ ಮೇಲೆ ಚಾಚಿದಳು.